ಐಸ್ ಹಾಕಿ ಬೆಟ್ಟಿಂಗ್‌ನಲ್ಲಿ ‘ವ್ಯಾಲ್ಯೂ’ ಎಂದರೇನು, ಅದನ್ನು ಲೆಕ್ಕ ಹಾಕುವುದು ಹೇಗೆ

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಪಂದ್ಯಗಳ ನೇರಪ್ರಸಾರದಲ್ಲಿ ಈಚಿನ ವರ್ಷಗಳಲ್ಲಿ ತಂಡಗಳ ಹೆಸರಿನ ಪಕ್ಕ −150, +130 ಎಂಬಂಥ ಅಂಕಿಗಳು ಕಾಣಿಸಿಕೊಳ್ಳುತ್ತಿವೆ. ಇವು ಬೆಟ್ಟಿಂಗ್ ದರಗಳು. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1992ರ ಒಂದು ಫೆಡರಲ್ ಕಾಯ್ದೆಯನ್ನು ರದ್ದುಪಡಿಸಿ, ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡಬೇಕೇ ಬೇಡವೇ ಎಂಬ ತೀರ್ಮಾನವನ್ನು ರಾಜ್ಯಗಳಿಗೇ ಬಿಟ್ಟಿತು. ಕೆನಡಾದಲ್ಲಿ 2021ರ ಆಗಸ್ಟ್‌ವರೆಗೆ ಒಂದೇ ಪಂದ್ಯದ ಮೇಲೆ ಬಾಜಿ ಕಟ್ಟಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹಲವು ಪಂದ್ಯಗಳನ್ನು ಜೋಡಿಸಿಯೇ ಕಟ್ಟಬೇಕಿತ್ತು. ಆ ನಿರ್ಬಂಧ ಹೋದ ಮೇಲೆ 2022ರ ಏಪ್ರಿಲ್ 4ರಂದು ಒಂಟಾರಿಯೊ ಪ್ರಾಂತ್ಯ ತನ್ನ ಆನ್‌ಲೈನ್ ಮಾರುಕಟ್ಟೆಯನ್ನು ಖಾಸಗಿ ಕಂಪನಿಗಳಿಗೆ ತೆರೆಯಿತು. ಹೀಗೆ, ಹಿಂದೆ ಕೆಲವರಿಗಷ್ಟೇ ಗೊತ್ತಿದ್ದ ದರಗಳ ಭಾಷೆ ಈಗ ಸಾಮಾನ್ಯ ಪ್ರೇಕ್ಷಕನ ಕಣ್ಣಿಗೂ ಬೀಳುತ್ತಿದೆ, ಅದರ ಜೊತೆಯಲ್ಲೇ ವಿಶ್ಲೇಷಕರು ಪದೇ ಪದೇ ಬಳಸುವ ‘ವ್ಯಾಲ್ಯೂ’ ಎಂಬ ಮಾತೂ ಕಿವಿಗೆ ಬೀಳುತ್ತಿದೆ. ಆ ಮಾತಿನ ಹಿಂದೆ ಇರುವುದು ಮುಖ್ಯವಾಗಿ ಗಣಿತ, ಅದರ ಬಹುಪಾಲು ಭಾಗಾಕಾರ ಬಲ್ಲವರಿಗೆ ಅರ್ಥವಾಗುವಂಥದ್ದು.

## ದರದೊಳಗೆ ಅಡಗಿರುವ ಸಂಭವನೀಯತೆ

ಅಮೆರಿಕದ ಶೈಲಿಯ ದರದಲ್ಲಿ ಸಾಮಾನ್ಯವಾಗಿ ಮೈನಸ್ ಚಿಹ್ನೆ ಇರುವ ತಂಡ ಗೆಲ್ಲುವ ನೆಚ್ಚಿನ ತಂಡ, ಪ್ಲಸ್ ಚಿಹ್ನೆ ಇರುವುದು ದುರ್ಬಲವೆಂದು ಎಣಿಸಲಾದ ತಂಡ. −150 ಎಂದರೆ 100 ಡಾಲರ್ ಲಾಭ ಬರಬೇಕಾದರೆ 150 ಡಾಲರ್ ಕಟ್ಟಬೇಕು. +130 ಎಂದರೆ 100 ಡಾಲರ್ ಕಟ್ಟಿದರೆ, ಗೆದ್ದಾಗ 130 ಡಾಲರ್ ಲಾಭ. ಯುರೋಪಿನಲ್ಲಿ ಇದೇ ದರವನ್ನು ದಶಮಾಂಶದಲ್ಲಿ ಬರೆಯುತ್ತಾರೆ. ಅಲ್ಲಿ +130 ಎಂಬುದು 2.30 ಆಗುತ್ತದೆ, ಅಂದರೆ ಕಟ್ಟಿದ ಒಂದು ಡಾಲರ್ ಸೇರಿ ಒಟ್ಟು 2.30 ಡಾಲರ್ ಕೈಗೆ ಬರುತ್ತದೆ. −150 ಎಂಬುದು 1.67ರಷ್ಟಾಗುತ್ತದೆ.

ದಶಮಾಂಶದ ಅನುಕೂಲವೆಂದರೆ ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದ ಕೂಡಲೇ ದರದೊಳಗಿನ ಸಂಭವನೀಯತೆ ಹೊರಬರುತ್ತದೆ. 1ನ್ನು 2.30ರಿಂದ ಭಾಗಿಸಿದರೆ 0.435, ಅಂದರೆ ಶೇ 43.5. ಈ ದರದಲ್ಲಿ ಬಾಜಿ ಕಟ್ಟುವವನು ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಉಳಿಯಬೇಕಾದರೆ ಆ ತಂಡ ನೂರರಲ್ಲಿ 43.5 ಸಲ ಗೆಲ್ಲಬೇಕು. ಇದೇ ರೀತಿ −150ರಿಂದ ಹೊರಡುವ ಸಂಭವನೀಯತೆ ಶೇ 60.

## ನೂರಕ್ಕಿಂತ ಹೆಚ್ಚಾದ ಮೊತ್ತ

ಈ ಎರಡನ್ನು ಕೂಡಿದರೆ 103.5 ಆಗುತ್ತದೆ. ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕಾದ ಪಂದ್ಯದಲ್ಲಿ ಸಂಭವನೀಯತೆಗಳ ಮೊತ್ತ ನೂರನ್ನು ದಾಟುವಂತಿಲ್ಲ. ದಾಟಿರುವ ಆ 3.5 ಎಂಬುದು ಬುಕ್‌ಮೇಕರ್, ಅಂದರೆ ಬಾಜಿ ಸ್ವೀಕರಿಸುವ ಕಂಪನಿ, ದರದೊಳಗೆ ಸೇರಿಸಿಟ್ಟ ತನ್ನ ಪಾಲು. ಬಾಜಿ ಕಟ್ಟುವವರು ಪ್ರತ್ಯೇಕ ಶುಲ್ಕವನ್ನೇನೂ ತೆರುವುದಿಲ್ಲವಾದ್ದರಿಂದ ಇದು ಬಹಳ ಮಂದಿಯ ಗಮನಕ್ಕೆ ಬರುವುದೇ ಇಲ್ಲ.

ಈ ಪಾಲನ್ನು ಕಳೆದು ನೋಡುವ ಸರಳ ವಿಧಾನ, ಪ್ರತಿಯೊಂದನ್ನೂ ಒಟ್ಟು ಮೊತ್ತದಿಂದ ಭಾಗಿಸುವುದು. 60ನ್ನು 103.5ರಿಂದ ಭಾಗಿಸಿದರೆ ಸುಮಾರು ಶೇ 58, 43.5ನ್ನು ಭಾಗಿಸಿದರೆ ಶೇ 42. ಮಾರುಕಟ್ಟೆ ನಿಜವಾಗಿ ನಂಬಿರುವುದು ಸುಮಾರಾಗಿ ಇದನ್ನು. ದುರ್ಬಲ ತಂಡದ ಗೆಲುವಿನ ಸಾಧ್ಯತೆ ಶೇ 42 ಎಂದು ಮಾರುಕಟ್ಟೆ ಎಣಿಸುತ್ತದೆ, ಆದರೆ ಅದನ್ನು ಶೇ 43.5ರ ಬೆಲೆಗೆ ಮಾರುತ್ತದೆ.

ಹಲವು ಪಂದ್ಯಗಳ ಫಲಿತಾಂಶವನ್ನು ಒಂದೇ ಬಾಜಿಗೆ ಪೋಣಿಸುವ ‘ಪಾರ್ಲೇ’ಯಲ್ಲಿ ಈ ಪಾಲು ಗುಣಾಕಾರವಾಗುತ್ತ ಹೋಗುತ್ತದೆ. ಎರಡೂ ಕಡೆ −110 ದರವಿರುವ ಒಂದು ಬಾಜಿಯಲ್ಲಿ ಬುಕ್‌ಮೇಕರ್‌ಗೆ ಸರಾಸರಿ ನೂರಕ್ಕೆ ನಾಲ್ಕೂವರೆ ಡಾಲರ್ ಉಳಿಯುತ್ತದೆ. ಅಂಥ ಮೂರನ್ನು ಪೋಣಿಸಿದರೆ ಉಳಿಯುವುದು ಸುಮಾರು ಹದಿಮೂರು ಡಾಲರ್. ಜಾಹೀರಾತುಗಳಲ್ಲಿ ಪಾರ್ಲೇಗೆ ಸಿಗುವ ಪ್ರಾಶಸ್ತ್ಯಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

## ವ್ಯಾಲ್ಯೂ ಎಂದರೆ ಇಷ್ಟೇ

ಒಂದು ಫಲಿತಾಂಶದ ನಿಜವಾದ ಸಂಭವನೀಯತೆ ದರದೊಳಗಿನ ಸಂಭವನೀಯತೆಗಿಂತ ಹೆಚ್ಚಾಗಿದ್ದರೆ ಆ ಬಾಜಿಗೆ ವ್ಯಾಲ್ಯೂ ಇದೆ ಎನ್ನುತ್ತಾರೆ. ಗೆಲ್ಲುವ ತಂಡವನ್ನು ಗುರುತಿಸುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಗಟ್ಟಿಮುಟ್ಟಾದ ಮನೆಯನ್ನೂ ವಿಪರೀತ ಬೆಲೆಗೆ ಕೊಂಡರೆ ನಷ್ಟದ ವ್ಯಾಪಾರವೇ, ಹಳೆಯ ಮನೆ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಸಿಕ್ಕಿದರೆ ಅದು ಲಾಭದ್ದೇ. ಇಲ್ಲಿಯೂ ಕೊಳ್ಳುವುದು ತಂಡವನ್ನಲ್ಲ, ಬೆಲೆಯನ್ನು.

ಮೇಲಿನ ಉದಾಹರಣೆಯಲ್ಲಿ ಒಬ್ಬರು ಎಲ್ಲವನ್ನೂ ಪರಿಶೀಲಿಸಿ, ದುರ್ಬಲ ತಂಡ ಗೆಲ್ಲುವ ಸಾಧ್ಯತೆ ಶೇ 45 ಇದೆ ಎಂಬ ಅಂದಾಜಿಗೆ ಬಂದರು ಎನ್ನೋಣ. 100 ಡಾಲರ್ ಕಟ್ಟಿದರೆ ನೂರರಲ್ಲಿ 45 ಸಲ 130 ಡಾಲರ್ ಲಾಭ, 55 ಸಲ 100 ಡಾಲರ್ ನಷ್ಟ. ಸರಾಸರಿ ತೆಗೆದರೆ ಪ್ರತಿ ಬಾಜಿಗೆ ಮೂರೂವರೆ ಡಾಲರ್ ಲಾಭ. ಅಂದಾಜು ಶೇ 42ಕ್ಕೆ ಇಳಿದರೆ ಅದೇ ಬಾಜಿ ಸರಾಸರಿ ಮೂರು ಡಾಲರ್ 40 ಸೆಂಟ್ ನಷ್ಟದ್ದು. ಗಮನಿಸಬೇಕಾದ ಎರಡು ವಿಷಯಗಳು ಇಲ್ಲಿವೆ. ಮೊದಲನೆಯದು, ತಾವು ಬಾಜಿ ಕಟ್ಟುವ ತಂಡ ಸೋಲುವ ಸಾಧ್ಯತೆಯೇ ಹೆಚ್ಚು ಎಂದು ಒಪ್ಪಿಕೊಂಡೂ ಆ ಬಾಜಿಯನ್ನು ಲಾಭದ್ದೆಂದು ಹೇಳಬಹುದು. ಎರಡನೆಯದು, ಲಾಭ ನಷ್ಟಗಳ ನಡುವಿನ ಅಂತರ ಮೂರು ಶೇಕಡಾಂಶ ಮಾತ್ರ. ತನ್ನ ಅಂದಾಜು ಅಷ್ಟು ನಿಖರವಾಗಿದೆಯೇ ಎಂಬ ಪ್ರಶ್ನೆಗೆ ಬಹುತೇಕ ಸಂದರ್ಭಗಳಲ್ಲಿ ಪ್ರಾಮಾಣಿಕ ಉತ್ತರ ‘ಇಲ್ಲ’ ಎಂಬುದೇ ಆಗಿರುತ್ತದೆ, ಹಾಗಿರುವಾಗ ಲೆಕ್ಕದ ಸರಿಯಾದ ಫಲಿತಾಂಶ ಬಾಜಿ ಕಟ್ಟದೆ ಇರುವುದು.

ಅಂದಾಜನ್ನು ಸುಧಾರಿಸುವುದಕ್ಕಿಂತ ಸುಲಭವಾದ ಕೆಲಸವೂ ಒಂದಿದೆ. ಒಂದೇ ಪಂದ್ಯಕ್ಕೆ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ದರ ಕೊಡುತ್ತವೆ. ಮೇಲಿನ ತಂಡಕ್ಕೇ +130ರ ಬದಲು ಬೇರೊಂದು ಕಡೆ +138 ಸಿಕ್ಕರೆ, ಗೆಲ್ಲಬೇಕಾದ ಪ್ರಮಾಣ ಶೇ 43.5ರಿಂದ ಶೇ 42ಕ್ಕೆ ಇಳಿಯುತ್ತದೆ. ಬುಕ್‌ಮೇಕರ್‌ನ ಪಾಲು ಆ ಒಂದು ಹೋಲಿಕೆಯಲ್ಲೇ ಅಳಿಸಿಹೋಗುತ್ತದೆ.

## ಹಾಕಿಯನ್ನು ಊಹಿಸುವುದು ಏಕೆ ಕಷ್ಟ

ಎನ್‌ಎಚ್‌ಎಲ್‌ನ ಒಂದು ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಗಳಿಸುವುದು ಸರಾಸರಿ ಆರರ ಆಸುಪಾಸಿನ ಗೋಲುಗಳು. ಬ್ಯಾಸ್ಕೆಟ್‌ಬಾಲ್‌ನಲ್ಲಿ ನೂರಾರು ಸಣ್ಣ ಪ್ರಯತ್ನಗಳು ಸೇರಿ ಫಲಿತಾಂಶ ರೂಪುಗೊಳ್ಳುವುದರಿಂದ ಬಲಶಾಲಿ ತಂಡದ ಮೇಲುಗೈ ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಕಂಡೇ ಕಾಣುತ್ತದೆ. ಹಾಕಿಯಲ್ಲಾದರೆ ಯಾರದೋ ಸ್ಕೇಟಿಗೆ ತಗುಲಿ ದಿಕ್ಕು ಬದಲಿಸಿದ ಒಂದು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ), ಗೋಲಿನ ಕಂಬಕ್ಕೆ ಬಡಿದು ಹೊರಗೆ ಹಾರುವ ಬದಲು ಒಳಗೆ ಹಾರಿದ ಒಂದು ಶಾಟ್ ಇಡೀ ಸಂಜೆಯನ್ನು ತಿರುಗಿಸಿಬಿಡುತ್ತದೆ.

2018–19ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ 82 ಪಂದ್ಯಗಳಲ್ಲಿ 62ನ್ನು ಗೆದ್ದು, ಲೀಗ್ ಹಂತದ ಬಳಿಕ ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ಮುಂದೆ ಹೋಗುವ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಬ್ಲೂ ಜಾಕೆಟ್ಸ್ ವಿರುದ್ಧ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. 2022–23ರಲ್ಲಿ ಬೋಸ್ಟನ್ ಬ್ರೂಯಿನ್ಸ್ 65 ಗೆಲುವು ಮತ್ತು 135 ಅಂಕಗಳ ದಾಖಲೆ ಬರೆದ ಬಳಿಕ, 92 ಅಂಕ ಗಳಿಸಿ ಹೇಗೋ ಪ್ಲೇಆಫ್ ತಲುಪಿದ್ದ ಫ್ಲೋರಿಡಾ ಪ್ಯಾಂಥರ್ಸ್‌ಗೆ ಏಳು ಪಂದ್ಯಗಳ ಸರಣಿಯಲ್ಲಿ ಮಣಿಯಿತು. ಏಳು ಪಂದ್ಯಗಳಲ್ಲೇ ಹೀಗಾಗುವ ಆಟದಲ್ಲಿ ಒಂದು ಪಂದ್ಯದ ಮಟ್ಟಿಗೆ ಯಾವ ತಂಡಕ್ಕೂ ಶೇ 80ರ ಭರವಸೆ ಕೊಡುವುದು ಕಷ್ಟ.

ಈ ಕಾರಣದಿಂದಲೇ ವಿಶ್ಲೇಷಕರು ಗೆಲುವು ಸೋಲುಗಳ ಪಟ್ಟಿಗಿಂತ, ಆ ಗೆಲುವುಗಳು ಹೇಗೆ ಬಂದವು ಎಂಬುದನ್ನು ಕೆದಕುತ್ತಾರೆ. ಅವರ ಹಳೆಯ ಅಳತೆಗಳಲ್ಲೊಂದು ‘ಕೋರ್ಸಿ’; ಬಫಲೊ ಸೇಬರ್ಸ್‌ನ ಗೋಲ್‌ಕೀಪಿಂಗ್ ಕೋಚ್ ಆಗಿದ್ದ ಜಿಮ್ ಕೋರ್ಸಿ ಅವರ ಹೆಸರನ್ನು ಹೊತ್ತ ಈ ಅಳತೆ, ಗೋಲಿನತ್ತ ಬಂದ, ತಡೆಯಲ್ಪಟ್ಟ, ಗುರಿ ತಪ್ಪಿದ ಎಲ್ಲ ಶಾಟ್‌ಗಳನ್ನೂ ಎಣಿಸಿ ಯಾವ ತಂಡದ ಬಳಿ ಆಟದ ಹಿಡಿತ ಹೆಚ್ಚಿತ್ತು ಎಂದು ತೋರಿಸುತ್ತದೆ. ಗೋಲುಗಳು ಬೆರಳೆಣಿಕೆಯಷ್ಟಾದರೆ ಶಾಟ್ ಪ್ರಯತ್ನಗಳು ಹತ್ತಾರು, ಆದ್ದರಿಂದ ಅದೃಷ್ಟದ ಏರಿಳಿತ ಇಲ್ಲಿ ಬೇಗ ಸಮನಾಗುತ್ತದೆ. ಇದರ ಮುಂದಿನ ರೂಪವಾದ ‘ನಿರೀಕ್ಷಿತ ಗೋಲು’, ಪ್ರತಿ ಶಾಟ್‌ಗೂ ಅದರ ದೂರ, ಕೋನ, ಬಗೆ, ಮರುಪುಟಿದ ಪಕ್ಕಿನಿಂದ ಬಂದದ್ದೇ ಎಂಬುದನ್ನೆಲ್ಲ ನೋಡಿ ಗೋಲಾಗುವ ಸಾಧ್ಯತೆಯ ಒಂದು ಅಂಕಿ ಕೊಡುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮುನ್ನಡೆಯಲ್ಲಿರುವ ತಂಡ ರಕ್ಷಣೆಗೆ ಇಳಿಯುವುದರಿಂದ ಹಿಂದುಳಿದ ತಂಡದ ಶಾಟ್‌ಗಳ ಸಂಖ್ಯೆ ತಾನಾಗಿ ಏರುತ್ತದೆ, ಆ ಸಂಖ್ಯೆಯನ್ನು ಹಾಗೇ ನಂಬಿದರೆ ಸೋಲುತ್ತಿರುವ ತಂಡವೇ ಚೆನ್ನಾಗಿ ಆಡಿತು ಎಂಬ ತಪ್ಪು ಚಿತ್ರ ಸಿಗುತ್ತದೆ.

ಮೂರನೆಯ ಅಳತೆ ‘ಪಿಡಿಒ’. ತಂಡದ ಶಾಟ್‌ಗಳಲ್ಲಿ ಶೇಕಡಾ ಎಷ್ಟು ಗೋಲಾದವು ಮತ್ತು ಅದರ ಗೋಲ್‌ಕೀಪರ್ ಶೇಕಡಾ ಎಷ್ಟು ಶಾಟ್ ತಡೆದ ಎಂಬ ಎರಡು ಅಂಕಿಗಳ ಮೊತ್ತವಿದು. ಒಬ್ಬರ ಗೋಲು ಇನ್ನೊಬ್ಬರ ತಡೆಯದ ಶಾಟ್ ಆಗಿರುವುದರಿಂದ ಲೀಗಿನ ಸರಾಸರಿ ಯಾವಾಗಲೂ ನೂರು. ಇದಕ್ಕಿಂತ ಬಹಳ ಮೇಲಿರುವ ತಂಡ ಕಾಲಕ್ರಮದಲ್ಲಿ ನೂರರ ಕಡೆಗೆ ಇಳಿಯುವುದು ವಾಡಿಕೆ. 2013–14ರ ಕೊಲರಾಡೊ ಅವಲಾಂಚ್ ತಂಡ ಎದುರಾಳಿಗಳಿಗಿಂತ ಕಡಿಮೆ ಶಾಟ್ ಹೊಡೆದೂ 112 ಅಂಕಗಳೊಂದಿಗೆ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಕೋಚ್ ಪ್ಯಾಟ್ರಿಕ್ ರಾಯ್‌ಗೆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿಯೂ ಬಂತು. ಮರುವರ್ಷ ಅದೇ ತಂಡ 90 ಅಂಕಗಳಿಗೆ ಕುಸಿದು ಪ್ಲೇಆಫ್‌ನಿಂದಲೇ ಹೊರಗುಳಿಯಿತು. ಅಂಥ ತಂಡ ಗೆಲ್ಲುತ್ತಿರುವಾಗ ಜನರ ಒಲವಿನಿಂದ ಅದರ ದರ ದುಬಾರಿಯಾಗುವುದುಂಟು, ಆಗ ವ್ಯಾಲ್ಯೂ ಇರಬಹುದಾದ ಜಾಗ ಅದರ ಎದುರಾಳಿಯ ಕಡೆ. ಈ ಅಳತೆಗಳನ್ನು ಬುಕ್‌ಮೇಕರ್‌ಗಳೂ ಬಲ್ಲರು. ಹತ್ತು ಹದಿನೈದು ವರ್ಷಗಳ ಹಿಂದೆ ಕೋರ್ಸಿ ನೋಡುವವನಿಗೆ ಇದ್ದ ಅನುಕೂಲ ಇಂದು ಹಾಗೇ ಉಳಿದಿದೆ ಎಂದುಕೊಳ್ಳುವಂತಿಲ್ಲ.

## ಗೋಲ್‌ಕೀಪರ್ ಎಂಬ ಒಬ್ಬನೇ ಆಟಗಾರ

ಹಾಕಿಯ ದರವನ್ನು ಒಂದೇ ಸುದ್ದಿಯಿಂದ ಅತಿ ಹೆಚ್ಚು ಕದಲಿಸಬಲ್ಲವನು ಗೋಲ್‌ಕೀಪರ್. ಲೀಗಿನ ಸಾಮಾನ್ಯ ಗೋಲ್‌ಕೀಪರ್ ತನ್ನತ್ತ ಬಂದ ಹತ್ತು ಶಾಟ್‌ಗಳಲ್ಲಿ ಸುಮಾರು ಒಂಬತ್ತನ್ನು ತಡೆಯುತ್ತಾನೆ. ಪಂದ್ಯಕ್ಕೆ 30 ಶಾಟ್ ಎಂದಿಟ್ಟುಕೊಂಡರೆ, ಸಾವಿರಕ್ಕೆ 900 ತಡೆಯುವವನು ಮೂರು ಗೋಲು ಬಿಟ್ಟುಕೊಡುತ್ತಾನೆ, 915 ತಡೆಯುವವನು ಬಿಟ್ಟುಕೊಡುವುದು 2.55 ಗೋಲು. ಅರ್ಧ ಗೋಲಿಗೂ ಕಡಿಮೆ ಎನಿಸುವ ಈ ವ್ಯತ್ಯಾಸ, ಉಳಿದೆಲ್ಲ ವಿಷಯಗಳಲ್ಲಿ ಸಮಬಲರಾದ ಎರಡು ತಂಡಗಳ ನಡುವೆ ಗೆಲುವಿನ ಸಾಧ್ಯತೆಯನ್ನು ಶೇ 50ರಿಂದ ಶೇ 57ರ ಆಸುಪಾಸಿಗೆ ಒಯ್ಯುತ್ತದೆ. ದರದ ಭಾಷೆಯಲ್ಲಿ ಅದು ಬುಕ್‌ಮೇಕರ್‌ನ ಇಡೀ ಪಾಲಿನ ದುಪ್ಪಟ್ಟು.

ಹಾಗಾಗಿ ಆ ರಾತ್ರಿ ಯಾರು ಆಡುತ್ತಾರೆಂಬ ಸುದ್ದಿಗೆ ಬೆಲೆಯಿದೆ. ಪಂದ್ಯದ ದಿನ ಬೆಳಿಗ್ಗೆ ತಂಡಗಳು ನಡೆಸುವ ಲಘು ಅಭ್ಯಾಸದಲ್ಲಿ ಯಾವ ಗೋಲ್‌ಕೀಪರ್ ಮೊದಲು ರಿಂಕ್ (ಮಂಜುಗಡ್ಡೆಯ ಅಂಗಣ) ಬಿಟ್ಟು ಹೊರನಡೆಯುತ್ತಾನೋ ಅವನೇ ಸಾಮಾನ್ಯವಾಗಿ ರಾತ್ರಿ ಗೋಲಿನ ಮುಂದೆ ನಿಲ್ಲುವವನು. ಇನ್ನೊಬ್ಬ, ಆ ದಿನ ತಂಡದಲ್ಲಿಲ್ಲದ ಆಟಗಾರರ ಜೊತೆ ಉಳಿದು ಇನ್ನಷ್ಟು ಹೊತ್ತು ಅವರ ಶಾಟ್‌ಗಳನ್ನು ತಡೆಯುತ್ತಿರುತ್ತಾನೆ. ವರದಿಗಾರರು ಕಾದು ನೋಡುವುದು ಈ ನಿರ್ಗಮನವನ್ನೇ. ಸುದ್ದಿ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ದರ ಬದಲಾಗಿರುತ್ತದೆ. ಸತತ ಎರಡು ರಾತ್ರಿ ಪಂದ್ಯವಿದ್ದಾಗ ತಂಡಗಳು ಬಹುಮಟ್ಟಿಗೆ ಒಂದರಲ್ಲಿ ಮೊದಲ ಗೋಲ್‌ಕೀಪರನನ್ನೂ ಇನ್ನೊಂದರಲ್ಲಿ ಎರಡನೆಯವನನ್ನೂ ಆಡಿಸುತ್ತವೆ. ಎರಡನೆಯ ದಿನ ಬೆಳಗಿನ ಅಭ್ಯಾಸವೇ ರದ್ದಾಗುವುದರಿಂದ ಸುದ್ದಿ ತಡವಾಗುತ್ತದೆ, ಅಲ್ಲಿಯವರೆಗೆ ದರ ಎರಡೂ ಸಾಧ್ಯತೆಗಳ ನಡುವೆ ಎಲ್ಲೋ ನಿಂತಿರುತ್ತದೆ.

ಇದರಲ್ಲೊಂದು ತೊಡಕಿದೆ. ಗೋಲ್‌ಕೀಪರ್ ಎಷ್ಟು ಮುಖ್ಯವೋ ಅವನ ನಿಜವಾದ ಮಟ್ಟವನ್ನು ಅಳೆಯುವುದು ಅಷ್ಟೇ ಕಷ್ಟ. ಹತ್ತು ಪಂದ್ಯಗಳಲ್ಲಿ ಅವನು ಎದುರಿಸುವುದು ಸುಮಾರು 300 ಶಾಟ್. ಶೇ 90 ತಡೆಯುವ ಸಾಮರ್ಥ್ಯದವನ ಅಂಕಿ ಅಷ್ಟು ಶಾಟ್‌ಗಳಲ್ಲಿ ಬರಿಯ ಆಕಸ್ಮಿಕದಿಂದಲೇ ಶೇ 88.3ರಿಂದ ಶೇ 91.7ರವರೆಗೆ ಓಲಾಡುವುದು ತೀರ ಸಾಮಾನ್ಯ. ಅಂದರೆ ಹತ್ತು ಪಂದ್ಯಗಳ ಆಧಾರದ ಮೇಲೆ ಒಬ್ಬನನ್ನು ‘ಭರ್ಜರಿ ಲಯದಲ್ಲಿದ್ದಾನೆ’ ಎಂದೂ ಇನ್ನೊಬ್ಬನನ್ನು ‘ಲಯ ಕಳೆದುಕೊಂಡಿದ್ದಾನೆ’ ಎಂದೂ ಕರೆಯುವಾಗ, ಅವರಿಬ್ಬರೂ ಒಂದೇ ಮಟ್ಟದವರಾಗಿರಬಹುದು. 60 ಪಂದ್ಯಗಳ ಇಡೀ ಋತುವಿನಲ್ಲೂ ಈ ಓಲಾಟ ಎರಡೂ ಕಡೆ ಸುಮಾರು 0.7 ಶೇಕಡಾಂಶದಷ್ಟು ಉಳಿದೇ ಇರುತ್ತದೆ. ಆದ್ದರಿಂದ ಮೂರು ವರ್ಷಗಳ ಅಂಕಿಗಳನ್ನು ಸೇರಿಸಿ, ಅದನ್ನೂ ಲೀಗಿನ ಸರಾಸರಿಯ ಕಡೆಗೆ ಸ್ವಲ್ಪ ಎಳೆದು ನೋಡುವುದು ವಿಶ್ಲೇಷಕರ ರೂಢಿ.

## ಯಾವ ಬಾಜಿ, ಯಾವ ನಿಯಮ

ಯಾರು ಗೆಲ್ಲುತ್ತಾರೆ ಎಂಬ ಸರಳ ಬಾಜಿಗೆ ‘ಮನಿಲೈನ್’ ಎಂದು ಹೆಸರು. ಸಾಮಾನ್ಯವಾಗಿ ಇದರಲ್ಲಿ ಹೆಚ್ಚುವರಿ ಅವಧಿ ಮತ್ತು ಶೂಟೌಟ್ ಕೂಡ ಸೇರಿರುತ್ತವೆ. ಇದರ ಪಕ್ಕದಲ್ಲೇ 60 ನಿಮಿಷಗಳ ಫಲಿತಾಂಶಕ್ಕೆ ಮಾತ್ರ ಅನ್ವಯಿಸುವ, ಸಮಬಲವನ್ನೂ ಮೂರನೆಯ ಆಯ್ಕೆಯಾಗಿ ಕೊಡುವ ಬಾಜಿ ಇರುತ್ತದೆ. ಲೀಗ್ ಹಂತದ ಸುಮಾರು ಐದರಲ್ಲಿ ಒಂದು ಪಂದ್ಯ 60 ನಿಮಿಷಗಳಲ್ಲಿ ಮುಗಿಯುವುದಿಲ್ಲವಾದ್ದರಿಂದ ಇವೆರಡನ್ನು ಅದಲುಬದಲು ಮಾಡಿಕೊಂಡರೆ ಲೆಕ್ಕವೇ ಬುಡಮೇಲಾಗುತ್ತದೆ. ಹೆಚ್ಚುವರಿ ಅವಧಿಗೆ ಹೋಗಿ ಸೋತ ತಂಡಕ್ಕೂ ಒಂದು ಅಂಕ ಸಿಗುವ ನಿಯಮದಿಂದಾಗಿ, ಕೊನೆಯ ನಿಮಿಷಗಳಲ್ಲಿ ಸಮಬಲದಲ್ಲಿರುವ ತಂಡಗಳು ಅಪಾಯಕ್ಕೆ ಕೈಹಾಕದೆ ಆಡುವುದೂ ಉಂಟು.

2015–16ರಿಂದ ಲೀಗ್ ಹಂತದ ಹೆಚ್ಚುವರಿ ಅವಧಿ ಐದು ನಿಮಿಷಗಳದು, ಪ್ರತಿ ತಂಡದಿಂದ ಗೋಲ್‌ಕೀಪರ್ ಬಿಟ್ಟು ಮೂವರು ಮಾತ್ರ ಆಡುತ್ತಾರೆ. ಆಗಲೂ ತೀರ್ಮಾನವಾಗದಿದ್ದರೆ 2005–06ರಲ್ಲಿ ಜಾರಿಗೆ ಬಂದ ಶೂಟೌಟ್. ಇವೆರಡರಲ್ಲೂ ಇಡೀ ತಂಡದ ಬಲಕ್ಕಿಂತ ಕೆಲವೇ ಆಟಗಾರರ ಕೈಚಳಕ ಮತ್ತು ಆಕಸ್ಮಿಕ ಹೆಚ್ಚು ಕೆಲಸ ಮಾಡುವುದರಿಂದ, ಪಂದ್ಯ ಅಲ್ಲಿಗೆ ಹೋದಷ್ಟೂ ನೆಚ್ಚಿನ ತಂಡದ ಮೇಲುಗೈ ಕರಗುತ್ತದೆ. ಪ್ಲೇಆಫ್‌ನಲ್ಲಿ ಹಾಗಲ್ಲ, ಅಲ್ಲಿ ಐವರ ವಿರುದ್ಧ ಐವರು ಆಡುವ ಇಪ್ಪತ್ತು ನಿಮಿಷಗಳ ಅವಧಿಗಳು ಗೋಲು ಬೀಳುವವರೆಗೆ ಮುಂದುವರಿಯುತ್ತವೆ.

ಒಂದೂವರೆ ಗೋಲಿನ ಅಂತರವನ್ನು ಆಧರಿಸಿದ ‘ಪಕ್ ಲೈನ್’ನಲ್ಲಿ ನೆಚ್ಚಿನ ತಂಡ ಕನಿಷ್ಠ ಎರಡು ಗೋಲುಗಳಿಂದ ಗೆದ್ದರೆ ಮಾತ್ರ ಹಣ. ಇಲ್ಲಿ ಖಾಲಿ ಗೋಲಿನ ಪಾತ್ರ ದೊಡ್ಡದು. ಒಂದು ಗೋಲಿನಿಂದ ಹಿಂದಿರುವ ತಂಡ ಕೊನೆಯ ಎರಡು ಮೂರು ನಿಮಿಷ ಗೋಲ್‌ಕೀಪರನನ್ನು ಹೊರಗೆ ಕರೆಸಿ ಆರನೆಯ ಆಟಗಾರನನ್ನು ಇಳಿಸುತ್ತದೆ. ಆಗ ಎದುರಾಳಿಗೆ ಪಕ್ ಸಿಕ್ಕಿ, ರಿಂಕಿನ ಉದ್ದಕ್ಕೂ ಅದನ್ನು ಜಾರಿಸಿ ಖಾಲಿ ಗೋಲಿಗೆ ಸೇರಿಸಿದರೆ ಒಂದು ಗೋಲಿನ ಗೆಲುವು ಎರಡರದಾಗುತ್ತದೆ. ಒಟ್ಟು ಗೋಲುಗಳ ಸಂಖ್ಯೆ 5.5 ಅಥವಾ 6.5ಕ್ಕಿಂತ ಹೆಚ್ಚೋ ಕಡಿಮೆಯೋ ಎಂಬ ‘ಟೋಟಲ್’ ಬಾಜಿಯ ಹಣೆಬರಹವೂ ಹಲವು ಸಲ ನಿರ್ಧಾರವಾಗುವುದು ಈ ನಿಮಿಷಗಳಲ್ಲೇ. ಹಿಂದಿನ ಕೋಚ್‌ಗಳಿಗಿಂತ ಈಗಿನವರು ಗೋಲ್‌ಕೀಪರನನ್ನು ಬೇಗ ಹೊರಗೆ ಕರೆಸುವುದರಿಂದ ಹಳೆಯ ಅಂಕಿಅಂಶಗಳ ಮೇಲೆ ಕಟ್ಟಿದ ಅಂದಾಜು ಇಲ್ಲಿ ದಾರಿ ತಪ್ಪಿಸುತ್ತದೆ.

## ವ್ಯಾಲ್ಯೂ ಇದ್ದರೆ ಎಷ್ಟು ಕಟ್ಟುವುದು

ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರವೊಂದು ಇದಕ್ಕೆ ಉತ್ತರ ಕೊಡುತ್ತದೆ: ಕಟ್ಟಿದ ಒಂದು ಡಾಲರ್‌ಗೆ ಸರಾಸರಿ ಬರುವ ನಿರೀಕ್ಷಿತ ಲಾಭವನ್ನು, ಗೆದ್ದರೆ ಒಂದು ಡಾಲರ್‌ಗೆ ಸಿಗುವ ಲಾಭದಿಂದ ಭಾಗಿಸಬೇಕು. ಹಿಂದಿನ ಉದಾಹರಣೆಯಲ್ಲಿ 0.035ನ್ನು 1.30ರಿಂದ ಭಾಗಿಸಿದರೆ 0.027, ಅಂದರೆ ಬೆಟ್ಟಿಂಗ್‌ಗೆಂದು ತೆಗೆದಿರಿಸಿದ ಹಣದ ಶೇ 2.7. ಸೂತ್ರ ಸರಿಯೇ, ಆದರೆ ಅದಕ್ಕೆ ಉಣಿಸುವ ಶೇ 45 ಎಂಬ ಅಂದಾಜು ತುಸು ಹಿಗ್ಗಿದ್ದರೂ ಸೂತ್ರ ಅಗತ್ಯಕ್ಕಿಂತ ಹೆಚ್ಚು ಕಟ್ಟಿಸುತ್ತದೆ. ಆದ್ದರಿಂದ ಇದನ್ನು ಬಳಸುವವರು ಅದರ ಅರ್ಧವನ್ನೋ ಕಾಲುಭಾಗವನ್ನೋ ಕಟ್ಟುತ್ತಾರೆ. ಸೋತ ಹಣವನ್ನು ಮರಳಿ ಪಡೆಯಲು ಮೊತ್ತವನ್ನು ದುಪ್ಪಟ್ಟು ಮಾಡುತ್ತ ಹೋಗುವ ಪದ್ಧತಿಗೆ ಇಂಥ ಯಾವ ಗಣಿತದ ಬೆಂಬಲವೂ ಇಲ್ಲ.

## ಅಂದಾಜು ಸರಿಯಿತ್ತೇ ಎಂದು ತಿಳಿಯುವ ಬಗೆ

ಒಬ್ಬರು +100 ದರದಲ್ಲಿ, ಅಂದರೆ ಕಟ್ಟಿದಷ್ಟೇ ಲಾಭ ಬರುವ ಬಾಜಿಗಳಲ್ಲಿ, ನಿಜವಾಗಿಯೂ ಶೇ 53 ಗೆಲ್ಲುವ ಸಾಮರ್ಥ್ಯದವರು ಎನ್ನೋಣ. ಇದು ಬಹಳ ಒಳ್ಳೆಯ ಸಾಧನೆ. ಆದರೂ ನೂರು ಬಾಜಿಗಳ ಬಳಿಕ ಅವರು ನಷ್ಟದಲ್ಲಿರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಸಾವಿರ ಬಾಜಿಗಳಾದ ಮೇಲೆ ಅದು ಶೇ 3ರ ಆಸುಪಾಸಿಗೆ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಯಾವ ವಿಶೇಷ ಅರಿವೂ ಇಲ್ಲದವರು ನೂರು ಬಾಜಿಗಳ ಕೊನೆಗೆ ಲಾಭದಲ್ಲಿ ನಿಂತು, ತಮ್ಮ ವಿಧಾನ ಸಾಬೀತಾಯಿತೆಂದು ನಂಬುವುದಕ್ಕೂ ಸಾಕಷ್ಟು ಅವಕಾಶವಿದೆ. ಒಂದು ತಿಂಗಳ ಫಲಿತಾಂಶ ತೋರಿಸಿ ಸಲಹೆ ಮಾರುವವರ ಮಾತನ್ನು ತೂಗುವಾಗ ಈ ಅಂಕಿಗಳು ನೆನಪಿನಲ್ಲಿರಬೇಕು.

ಲಾಭ ನಷ್ಟಗಳಿಗಾಗಿ ಅಷ್ಟು ಕಾಲ ಕಾಯದೆ ಬೇಗ ಸುಳಿವು ಕೊಡುವ ಅಳತೆ ‘ಕ್ಲೋಸಿಂಗ್ ಲೈನ್’, ಅಂದರೆ ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ದರ. ಅಷ್ಟು ಹೊತ್ತಿಗೆ ಗೋಲ್‌ಕೀಪರ್ ಯಾರು, ಯಾರಿಗೆ ಗಾಯ ಎಂಬುದೆಲ್ಲ ಬಯಲಾಗಿ, ದೊಡ್ಡ ಮೊತ್ತ ಕಟ್ಟುವವರ ಅಭಿಪ್ರಾಯವೂ ದರದೊಳಗೆ ಸೇರಿರುವುದರಿಂದ ಅದನ್ನು ಲಭ್ಯವಿರುವ ಅತ್ಯುತ್ತಮ ಅಂದಾಜೆಂದು ಪರಿಗಣಿಸುತ್ತಾರೆ. ಬೆಳಿಗ್ಗೆ +130ಕ್ಕೆ ಕಟ್ಟಿದ ತಂಡದ ದರ ಸಂಜೆ +115ಕ್ಕೆ ಮುಚ್ಚಿದರೆ, ಪಂದ್ಯ ಸೋತರೂ ಆ ಬಾಜಿ ಒಳ್ಳೆಯ ಬೆಲೆಗೆ ಕೊಂಡದ್ದು; +145ಕ್ಕೆ ಮುಚ್ಚಿದರೆ, ಗೆದ್ದರೂ ಅದು ದುಬಾರಿಯಾಗಿ ಕೊಂಡದ್ದು. ಪ್ರತಿ ಬಾಜಿಯ ಪಕ್ಕದಲ್ಲಿ ತಾವು ಪಡೆದ ದರ ಮತ್ತು ಕೊನೆಯ ದರ ಎರಡನ್ನೂ ಬರೆದಿಡುವವರಿಗೆ ಕೆಲವು ಡಜನ್ ಪಂದ್ಯಗಳಲ್ಲೇ ತಾವು ಎಲ್ಲಿ ನಿಂತಿದ್ದೇವೆ ಎಂಬುದು ಕಾಣತೊಡಗುತ್ತದೆ. ಬುಕ್‌ಮೇಕರ್‌ಗಳೂ ಗ್ರಾಹಕರನ್ನು ಇದೇ ಅಳತೆಯಿಂದ ನೋಡುತ್ತಾರೆ, ಮುಚ್ಚುವ ದರಕ್ಕಿಂತ ಉತ್ತಮ ದರವನ್ನು ಸತತವಾಗಿ ಹಿಡಿಯುವವರಿಗೆ ಕಟ್ಟಬಹುದಾದ ಗರಿಷ್ಠ ಮೊತ್ತವನ್ನು ಅನೇಕ ಕಂಪನಿಗಳು ಕೆಲವೇ ಡಾಲರ್‌ಗಳಿಗೆ ಇಳಿಸಿಬಿಡುತ್ತವೆ; ಆ ಗ್ರಾಹಕರ ಖಾತೆ ಅಷ್ಟು ಹೊತ್ತಿಗೆ ಇನ್ನೂ ನಷ್ಟದಲ್ಲೇ ಇದ್ದರೂ ಹೀಗಾಗುವುದುಂಟು.